ಮೇಷ್ಟ್ರು ತಿದ್ದಿದ ದನಿ

ನಮ್ಮೂರ ಜೈಲಿನಲ್ಲಿ ಮನುಷ್ಯರಿಲ್ಲ, ಅವರ ದನಿಗಳಿವೆ. ಕೋರ್ಟಿನಲ್ಲಿ ಶಿಕ್ಷೆಯಾದವರು ಜೈಲಿನ ಕಟ್ಟೆಯ ಮೇಲೆ ಕೂತು, ಉಪ್ಪಿನಕಾಯಿ ಹಾಕುವಂಥ ಒಂದು ಪಿಂಗಾಣಿ ಜಾಡಿಗೆ ಬಾಯಿ ಹಚ್ಚಿ ತಮ್ಮ ಹೆಸರು ಹೇಳುತ್ತಾರೆ. ಹೆಸರಿನ ಜೊತೆಗೆ ದನಿಯೂ ಒಳಗೆ ಇಳಿಯುತ್ತದೆ. ಮೇಲೊಂದು ಮುಚ್ಚಳ ಬೀಳುತ್ತದೆ. ಆಮೇಲೆ ಅವರು ಎದ್ದು ಮನೆಗೆ ಬರುತ್ತಾರೆ. ಹಾಲು ಕರೆಯುತ್ತಾರೆ, ಅಂಗಡಿ ತೆರೆಯುತ್ತಾರೆ, ಮಕ್ಕಳನ್ನು ಸ್ಕೂಲಿಗೆ ಬಿಡುತ್ತಾರೆ. ಮಾತು ಮಾತ್ರ ಇರುವುದಿಲ್ಲ.

ಊರು ಇದಕ್ಕೆ ಒಗ್ಗಿಕೊಂಡಿದೆ. ಸೊಪ್ಪು ಮಾರುವವಳಿಗೆ ಶಿಕ್ಷೆಯಾದರೆ ಅವಳು ಕೂಗುವ ಬದಲು ತಟ್ಟೆ ಬಡಿದುಕೊಂಡು ಬರುತ್ತಾಳೆ, ನಾವು ಬಾಗಿಲಿಗೆ ಹೋಗುತ್ತೇವೆ. ಗಂಡನ ದನಿ ಒಳಗೆ ಹೋದ ಹೆಂಗಸರು ಮೊದಮೊದಲು "ಸದ್ಯ, ಮನೆ ತಣ್ಣಗಾಯ್ತು" ಎಂದು ನಗುತ್ತಾರೆ. ಕೆಲವು ತಿಂಗಳು ಕಳೆಯಲಿ, ಅವರೇ ಜೈಲಿನ ಬಾಗಿಲಿಗೆ ಬಂದು, "ಸ್ವಾಮಿ, ಒಂದೇ ಒಂದು ಬೈಗುಳ ಕೇಳಿಸಿ, ಹೊರಟೋಗ್ತೀನಿ" ಎಂದು ಗೋಗರೆಯುವುದನ್ನು ನಾನೇ ನೋಡಿದ್ದೇನೆ.

ನಾನು ನಿಂಗಾಜಮ್ಮ, ಹಿಟ್ಟಿನ ಮಿಲ್ಲು ನಡೆಸುವವಳು. ಸ್ಕೂಲಿನಲ್ಲಿ ಕಲಿತದ್ದು ಕಮ್ಮಿ. ಮಿಕ್ಕಿದ್ದೆಲ್ಲ ಪೊಟ್ಟಣ ಕಟ್ಟಲು ತರಿಸುತ್ತಿದ್ದ ಹಳೇ ಪೇಪರುಗಳ ಪುಣ್ಯ. ಗಂಡ ತೀರಿಕೊಂಡ ಮೇಲೆ ತಮ್ಮ ಬೋರಲಿಂಗನೂ ನಾನೂ ಒಂದೇ ಮನೆಯಲ್ಲಿದ್ದೆವು. ಅವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಎಂಥ ದನಿ ಅಂತೀರಿ! ಮಂಡಿಯಲ್ಲಿ ಅವನು ಬದನೆಕಾಯಿ ಕೂಗಿದರೆ ಮಿಲ್ಲಿನ ಸದ್ದನ್ನೂ ಸೀಳಿಕೊಂಡು ನನಗೆ ಕೇಳಿಸುತ್ತಿತ್ತು. ಆ ದನಿಯ ತುಂಬ ಬೈಗುಳ, ತಮಾಷೆ, ಗದರಿಕೆ. ರೈತರಿಗೆ ಅವನು ಕೂಗಿದರೇ ಬೆಲೆ ಬರುತ್ತದೆಂಬ ನಂಬಿಕೆ.

ಆ ದನಿ ಜೈಲು ಸೇರಿದ್ದು ಮುದ್ದಪ್ಪನ ದೆಸೆಯಿಂದ. ಮುದ್ದಪ್ಪ ಅದೇ ಮಂಡಿಯಲ್ಲಿ ತಕ್ಕಡಿ ಹಿಡಿಯುವವನು, ಬೋರನ ಜೊತೆ ಗೋಲಿ ಆಡಿ ಬೆಳೆದವನು. ಒಂದು ಬೆಳಿಗ್ಗೆ ಇಬ್ಬರಿಗೂ ತಕ್ಕಡಿಯ ಮುಂದೆ ಮಾತಿಗೆ ಮಾತು ಬೆಳೆಯಿತು. ಮುದ್ದಪ್ಪ ನಾಲ್ಕು ಜನರ ಎದುರಿಗೆ, "ಅಕ್ಕನ ಮಿಲ್ಲಿನ ಹಿಟ್ಟು ನೆಕ್ಕಿ ಬದ್ಕೋನು ನೀನು" ಎಂದುಬಿಟ್ಟ. ಬೋರನ ಅಂಗೈ ಅವನ ಎಡಗಿವಿಯ ಮೇಲೆ ಬಿತ್ತು. ಒಳಗಿನ ತಮಟೆ ಹರಿಯಿತು. ಆ ಕಿವಿ ಮತ್ತೆ ಕೇಳಲಿಲ್ಲ. ಕೋರ್ಟು ಮೂರು ವರ್ಷ ಹಾಕಿತು.

ಬೋರ ಮಾತಿಲ್ಲದೆ ನನ್ನ ಮಿಲ್ಲಿಗೆ ಬಂದು ಕೂತ. ಮಿಲ್ಲಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಾದ್ದರಿಂದ ಅವನಿಗೆ ಅಲ್ಲಿ ಕೊರತೆ ಕಾಣಲಿಲ್ಲ. ಕರೆಂಟು ಹೋದಾಗ ಮಾತ್ರ ಕಷ್ಟ. ಕಲ್ಲು ನಿಂತು ಸುತ್ತ ನಿಶ್ಶಬ್ದವಾದರೆ ಅವನು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಈಗ ಜೈಲುಮೇಷ್ಟ್ರ ವಿಚಾರಕ್ಕೆ ಬರುತ್ತೇನೆ. ಅವರ ಹೆಸರು ವೃಷಭೇಂದ್ರಯ್ಯ. ಹಗಲು ಜೈಲಿನ ಸೂಪರಿಂಟೆಂಡೆಂಟು, ಸಂಜೆ ಕಾಲೇಜಿನಲ್ಲಿ ಅಪರಾಧ, ಶಿಕ್ಷೆ, ನ್ಯಾಯ ಇವುಗಳ ಪಾಠ. ಎರಡೂ ಕೆಲಸ ಒಬ್ಬರೇ ಮಾಡುತ್ತಿದ್ದುದರಿಂದ ಊರು ಎರಡೂ ಹೆಸರನ್ನು ಕೂಡಿಸಿ ಕರೆಯುತ್ತಿತ್ತು. "ಪಾಠವಿಲ್ಲದ ಜೈಲು ಅಂದರೆ ಬರೀ ಉಗ್ರಾಣ. ಜೈಲು ನೋಡದವನ ಪಾಠ ಅಂದರೆ ಬರೀ ಅಂತೆಕಂತೆ. ನೋಡಿ, ನನಗೆ ಎರಡೂ ಬೇಕು" ಎನ್ನುತ್ತಿದ್ದರು. ಪ್ರತಿ ಮಾತಿಗೆ ಮುಂಚೆ "ನೋಡಿ" ಎಂದು ಸಣ್ಣಗೆ ಗಂಟಲು ಸರಿಮಾಡಿಕೊಳ್ಳುವುದು ಅವರ ಅಭ್ಯಾಸ.

ಜಾಡಿಯಲ್ಲಿಟ್ಟ ದನಿಯನ್ನು ಮಾತಾಡಿಸದೆ ಬಿಟ್ಟರೆ ಹಿಟ್ಟಿನ ಹಾಗೆ ಹುಳಿಯುತ್ತದೆ. ಹಳೆಯ ಸೂಪರಿಂಟೆಂಡೆಂಟರ ಕಾಲದಲ್ಲಿ ಹಾಗೆ ಹುಳಿತ ದನಿ ವಾಪಸು ಪಡೆದವರು ಬದುಕಿರುವ ತನಕ ಕೀರಲು ದನಿಯಲ್ಲೇ ಉಳಿದರು. ವೃಷಭೇಂದ್ರಯ್ಯನವರು ಹಾಗಾಗಲು ಬಿಡಲಿಲ್ಲ. ದಿನಾ ಒಂದೊಂದು ಮುಚ್ಚಳ ತೆಗೆದು ಕ್ಷೇಮ ವಿಚಾರಿಸುವರು, ಕಾನೂನು ಓದಿ ಹೇಳುವರು, ತಪ್ಪು ತಿದ್ದುವರು. ಸಂಜೆ ಕೆಲವು ಜಾಡಿಗಳನ್ನು ಒಣಹುಲ್ಲು ಹಾಸಿದ ಪೆಟ್ಟಿಗೆಯಲ್ಲಿಟ್ಟು ಕಾಲೇಜಿಗೆ ತರುವರು. ಮೇಜಿನ ಮೇಲೆ ಜಾಡಿ ಇಟ್ಟು, "ನೋಡಿ, ಇವರನ್ನೇ ಕೇಳಿ" ಎನ್ನುವರು. ಹುಡುಗ ಹುಡುಗಿಯರು ಜಾಡಿಯನ್ನು ಪ್ರಶ್ನೆ ಕೇಳುವರು.

ಆ ಕ್ಲಾಸಿಗೆ ಯಾರು ಬೇಕಾದರೂ ಬಂದು ಕೂರಬಹುದಿತ್ತು. ನಾನೂ ಹೋದೆ. ತಮ್ಮನ ದನಿ ಕೇಳಲು ಬೇರೆ ದಾರಿ ಇರಲಿಲ್ಲ. ಹಿಟ್ಟು ಮೆತ್ತಿದ ಸೀರೆಯಲ್ಲೇ ಹಿಂದಿನ ಬೆಂಚಿನಲ್ಲಿ ಕೂತೆ.

ಮೊದಲ ದಿನ ಬೋರನ ಜಾಡಿ ತೆರೆದಾಗ ಬಂದ ಮಾತಿಗೆ ಹುಡುಗಿಯರು ಕಿವಿ ಮುಚ್ಚಿಕೊಂಡರು. "ಯಾವನ್ಲಾ ಅವ್ನು ಮುಚ್ಚಳ ತೆಗ್ದೋನು, ಗಾಳಿ ಬೇಡ್ವಾ ನಂಗೆ, ಇಷ್ಟೊತ್ತು ಎಲ್ಲಿ ಹಾಳಾಗೋಗಿದ್ರಿ" ಎಂದು ಶುರುವಾಗಿ ಮೇಷ್ಟ್ರ ತಾತನ ತನಕ ಹೋಯಿತು. ಮೇಷ್ಟ್ರು ಬೇಸರಿಸಲಿಲ್ಲ. "ನೋಡಿ ಬೋರಲಿಂಗ, ಅದನ್ನೇ ಬೇರೆ ರೀತಿ ಹೇಳಬಹುದಲ್ಲ?" ಎಂದರು. ಹಾಗೆ ದಿನದಿನ, ವಾರವಾರ. ಬೈಗುಳ ಉದುರಿತು. "ಕಣ್ಲಾ" ಹೋಗಿ "ಕಣಪ್ಪ" ಬಂತು, ಅದೂ ಹೋಗಿ "ಸ್ವಾಮಿ" ಬಂತು. ಎರಡನೇ ವರ್ಷಕ್ಕೆ ನನ್ನ ತಮ್ಮನ ದನಿ, "ಶಿಕ್ಷೆಯ ಉದ್ದೇಶ ಪ್ರತೀಕಾರವಲ್ಲ, ಪರಿವರ್ತನೆ" ಎಂದು ರೇಡಿಯೋದವರ ಹಾಗೆ ಹೇಳಿತು. ಕ್ಲಾಸು ಚಪ್ಪಾಳೆ ತಟ್ಟಿತು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಮನೆಗೆ ಬಂದು ಬೋರನಿಗೆ, "ನೀನು ಎಷ್ಟು ಚೆನ್ನಾಗಿ ಮಾತಾಡ್ತೀಯ ಗೊತ್ತೇನೋ ಈಗ!" ಎಂದೆ. ಅವನು ಮುದ್ದೆ ಮುರಿಯುತ್ತಿದ್ದವನು ನನ್ನ ಮುಖ ನೋಡಿದ. ಅವನ ದನಿಯ ಬಗ್ಗೆ ಅವನಿಗೆ ನಾನು ಸುದ್ದಿ ಹೇಳುವಂತಾಗಿತ್ತು.

ಶಿಕ್ಷೆ ಮುಗಿಯುವ ಕಾಲ ಬಂತು. ನಮ್ಮೂರಲ್ಲಿ ಮುಗಿಯಿತು ಅಂದರೆ ಮುಗಿಯುವುದಿಲ್ಲ, ಒಪ್ಪಿಗೆ ಅಂತ ಒಂದಿದೆ. ದನಿ ವಾಪಸು ಬಂದವನು ತಪ್ಪು ನಡೆದ ಜಾಗದಲ್ಲೇ ನಿಂತು, ನೊಂದವನ ಎದುರು ತಪ್ಪು ಒಪ್ಪಿಕೊಳ್ಳಬೇಕು. ಕೇಳಿದವನು "ಈ ಮಾತು ಇವನದೇ" ಎಂದರೆ ಬಿಡುಗಡೆ. "ಇವನದಲ್ಲ" ಎಂದರೆ ಮುಂದಿನ ಸಂತೆಯ ದಿನ ಇನ್ನೊಂದೇ ಒಂದು ಅವಕಾಶ. ಅವತ್ತೂ ಒಪ್ಪದಿದ್ದರೆ ದನಿ ಜಾಡಿಗೆ, ಶಿಕ್ಷೆ ಮತ್ತೆ ಮೊದಲಿನಿಂದ. ಇನ್ನೊಂದು ನಿಯಮವೂ ಉಂಟು. ತಪ್ಪು ಒಪ್ಪಿಕೊಳ್ಳುವಾಗ ನೊಂದವನ ಮೇಲೆ ಆರೋಪ ಹೊರಿಸಿದರೆ ಸೂಪರಿಂಟೆಂಡೆಂಟರು ಅಲ್ಲೇ ಜಾಡಿ ಹಿಡಿದು ದನಿ ವಾಪಸು ತೆಗೆದುಕೊಳ್ಳಬೇಕು.

ಮೇಷ್ಟ್ರಿಗೆ ಭಯವಿರಲಿಲ್ಲ. ತಮ್ಮ ಇಷ್ಟು ವರ್ಷದ ನೌಕರಿಯಲ್ಲಿ ಬೋರಲಿಂಗನಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ ಎಂದು ನನ್ನ ಹತ್ತಿರವೇ ಹೇಳಿದ್ದರು. ಜೈಲಿನ ಕಟ್ಟೆಯ ಮೇಲೆ ಜಾಡಿ ತೆರೆದರು. ಬೋರ ಬಗ್ಗಿ ಉಸಿರೆಳೆದುಕೊಂಡ. ನಾನು ಕಾದೆ. ಮೂರು ವರ್ಷದ ಮೇಲೆ ಅವನು ನನ್ನ ಕಡೆ ತಿರುಗಿ ಮೊದಲ ಮಾತಾಡಿದ.

"ನೋಡಿ ಅಕ್ಕ, ತಮ್ಮನ್ನು ಕಂಡು ಬಹಳ ಸಂತೋಷವಾಯಿತು."

ಅಂದವನೇ ಬಾಯಿ ಮುಚ್ಚಿಕೊಂಡ, ಬಾಯೊಳಗೆ ಯಾರೋ ಕೈ ಹಾಕಿದ ಹಾಗೆ.

ಮಂಡಿಗೆ ಹೋದೆವು. ಕ್ಲಾಸಿನವರೂ ನೋಡಿ ಕಲಿಯಲೆಂದು ಬಂದಿದ್ದರು. ತಕ್ಕಡಿಯ ಪಕ್ಕ ಮುದ್ದಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಬೋರ ಕೈಮುಗಿದು ಶುರುಮಾಡಿದ: "ನೋಡಿ, ಅಂದು ಕ್ಷಣಿಕ ಆವೇಶಕ್ಕೆ ಒಳಗಾಗಿ ನಾನು ಎಸಗಿದ ಕೃತ್ಯದಿಂದ ತಮಗೆ ಆದ ಹಾನಿಗೆ ನಾನೇ ಸಂಪೂರ್ಣ ಹೊಣೆ. ತಮ್ಮ ನೋವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ..." ಒಂದು ಕಡೆಯೂ ಎಡವಲಿಲ್ಲ. ಮೇಷ್ಟ್ರ ತುಟಿ ಜೊತೆಜೊತೆಗೇ ಅಲುಗುತ್ತಿತ್ತು. ಕೆಲವರ ಕಣ್ಣಲ್ಲಿ ನೀರೂ ಬಂತು.

ಮುದ್ದಪ್ಪ ಪೂರ್ತಿ ಕೇಳಿದ. ಆಮೇಲೆ ಮೇಷ್ಟ್ರ ಕಡೆ ನೋಡಿ, "ಸ್ವಾಮಿ, ನೀವು ನಂಗೇನೂ ಮಾಡಿಲ್ವಲ್ಲ, ನೀವ್ಯಾಕೆ ತಪ್ಪಾಯ್ತು ಅಂತೀರಿ?" ಎಂದ.

"ನಾನಲ್ಲಪ್ಪ, ಬೋರಲಿಂಗ ಹೇಳಿದ್ದು."

"ಇವ್ನ ಬಾಯಿ ಆಡ್ತು. ಮಾತು ನಿಮ್ದು. ಈ ಮಾತು ಇವ್ನದಲ್ಲ."

ಅಷ್ಟು ಹೇಳಿ ಈರುಳ್ಳಿ ತೂಗಲು ಹೋದ.

ಆ ವಾರ ನಮ್ಮ ಮನೆಯಲ್ಲಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊಟಕ್ಕೆ ಕೂತರೆ, "ದಯವಿಟ್ಟು ಸ್ವಲ್ಪ ಉಪ್ಪು ನೀಡುವಿರಾ?" ಎನ್ನುವನು. ಮಿಲ್ಲಿಗೆ ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುವರು. ಮಂಡಿಯವರು ಹಳೇ ಪ್ರೀತಿಗೆ ಒಂದು ಗುಡ್ಡೆ ಹೀರೇಕಾಯಿ ಕೂಗು ಎಂದು ನಿಲ್ಲಿಸಿದರು. "ಮಾನ್ಯ ಖರೀದಿದಾರರೇ, ಈ ಹೀರೇಕಾಯಿಗಳು ತಕ್ಕಮಟ್ಟಿಗೆ ಎಳೆಯವಾಗಿವೆ" ಎಂದ. ಒಬ್ಬನೂ ಬೆಲೆ ಕೇಳಲಿಲ್ಲ. "ಏನ್ ಬೋರಣ್ಣ, ಹೀರೇಕಾಯ್ಗೆ ಸನ್ಮಾನ ಮಾಡ್ತಿದ್ದೀಯಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಬೋರ ತಿರುಗಿ ಏನೋ ಅನ್ನಲು ಹೋದ. ಕತ್ತಿನ ನರ ಉಬ್ಬಿತು. ಬಂದದ್ದು, "ತಮ್ಮ ಅಭಿಪ್ರಾಯಕ್ಕೆ ಧನ್ಯವಾದ." ಮನೆಗೆ ಬಂದು ಮಿಲ್ಲಿನ ಮೂಲೆಯಲ್ಲಿ ಕೂತವನು, "ಅಕ್ಕ, ನನ್ನೊಳಗೆ ನಾನೇ ಬಾಡಿಗೆಗೆ ಇರುವಂತಿದೆ" ಎಂದ. ಅದನ್ನೂ ಅಷ್ಟು ಚೆಂದವಾಗಿಯೇ ಹೇಳಿದ.

ಮೇಷ್ಟ್ರು ಮನೆಗೇ ಬಂದರು. ಸೊರಗಿಹೋಗಿದ್ದರು. ಕಾಫಿ ಕೊಟ್ಟೆ, ಕುಡಿಯಲಿಲ್ಲ. "ನಿಂಗಾಜಮ್ಮ, ಇವನು ಮುಂಚೆ ಹೇಗೆ ಮಾತಾಡುತ್ತಿದ್ದ, ಒಂದಿಷ್ಟು ಹೇಳಿ. ಅಭ್ಯಾಸ ಮಾಡಿಸೋಣ" ಎಂದರು. ನನಗೆ ತಿಳಿದಷ್ಟು ಆಡಿ ತೋರಿಸಿದೆ. ಮೇಷ್ಟ್ರು ಬೋರನನ್ನು ಎದುರಿಗೆ ಕೂರಿಸಿಕೊಂಡರು.

"ನೋಡಿ ಬೋರಲಿಂಗ, 'ಅಲ್ಲ ಕಣ್ಲಾ' ಅನ್ನಿ. ಸ್ವಲ್ಪ ಒರಟಾಗಿರಲಿ."

"ಪ್ರಯತ್ನಿಸುತ್ತೇನೆ ಸರ್. ಅಲ್ಲ ಕಣ್ಲಾ."

"ಇನ್ನೂ ಒರಟಾಗಿ."

"ಅಲ್ಲ. ಕಣ್ಲಾ."

ಸ್ಕೂಲ್ ಡೇ ನಾಟಕದಲ್ಲಿ ಮಕ್ಕಳು ರಾಕ್ಷಸನ ಪಾತ್ರ ಮಾಡಿದ ಹಾಗಿತ್ತು. ನಾನು ನಕ್ಕೆ, ನಗು ಅಳುವಾಯಿತು. "ಬಿಡಿ ಬುದ್ಧಿ, ಇದನ್ನೂ ನೀವೇ ಕಲಿಸಿದ್ರೆ ಇದೂ ನಿಮ್ದೇ ಆಗೋಯ್ತದೆ" ಎಂದೆ.

ಅವರು ತಲೆತಗ್ಗಿಸಿ ಕೂತರು. "ನಾನೇನು ಕೆಟ್ಟದ್ದು ಮಾಡಿದೆ, ಹೇಳಿ. ಸಿಟ್ಟಿನಿಂದ ತಾನೇ ಇವನು ಹೊಡೆದದ್ದು? ಆ ಸಿಟ್ಟನ್ನು ತೆಗೆದೆ. ಅದು ನನ್ನ ಕೆಲಸ."

"ಹೊಡೆದದ್ದು ಕೈ ಅಲ್ವರಾ? ಜೈಲಿಗೆ ಹೋದದ್ದು ದನಿ. ಕೈ ಮೂರು ವರ್ಷ ನನ್ ಮಿಲ್ಲಲ್ಲಿ ಮೂಟೆ ಹೊತ್ಕೊಂಡಿತ್ತು. ಅದನ್ನ ಯಾರೂ ಏನೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ಚಪ್ಪಾಳೆ ತಟ್ಕೊಂಡು ಕೂತಿದ್ದೆ."

ಮೇಷ್ಟ್ರು ಬೋರನ ಕೈ ನೋಡಿದರು. ಬೋರ ಅದನ್ನು ಪಂಚೆಯ ಮಡಿಕೆಯೊಳಗೆ ಎಳೆದುಕೊಂಡ. ಅದನ್ನು ಮುಚ್ಚಿಡುವುದು ಅವನಿಗೆ ಅಭ್ಯಾಸವೇ ಆಗಿತ್ತೆಂದು ನನಗೆ ಆಗಲೇ ಹೊಳೆದದ್ದು. ಮೇಷ್ಟ್ರು ಕಾಫಿ ಹಾಗೇ ಬಿಟ್ಟು ಎದ್ದುಹೋದರು.

ಸಂತೆಯ ದಿನ ಮಂಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮೇಷ್ಟ್ರು ಖಾಲಿ ಜಾಡಿ ಕಂಕುಳಲ್ಲಿ, ಮುಚ್ಚಳ ಕೈಯಲ್ಲಿ ಹಿಡಿದು ಬಂದರು. ಕ್ಲಾಸಿನವರು ಹಿಂದೆ ಸಾಲಾಗಿ ನಿಂತರು. ಅವರಲ್ಲಿ ಮಂದಾಕಿನಿ ಎಂಬ ಹುಡುಗಿ ಬಲು ಚುರುಕು, ನಿಯಮವೆಲ್ಲ ಬಾಯಿಪಾಠ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದೂ ಮೇಷ್ಟ್ರ ಹಾಗೆಯೇ.

ಬೋರ ಕೈಮುಗಿದ. "ನೋಡಿ, ಅಂದು ನಾನು..."

"ತಡಿ" ಎಂದ ಮುದ್ದಪ್ಪ. ಬಲಗಿವಿಗೆ ಟವೆಲ್ಲು ಒತ್ತಿ ಹಿಡಿದುಕೊಂಡು ಎಡಗಿವಿಯನ್ನು ಬೋರನ ಕಡೆ ತಿರುಗಿಸಿದ. "ಈ ಕಿವಿಗೆ ಹೇಳು. ನಿಂಗೆ ಲೆಕ್ಕ ಇರೋದು ಈ ಕಿವಿ ಜೊತೆ."

ಬೋರ ಹತ್ತಿರ ಹೋಗಿ ಬಗ್ಗಿ ಹೇಳಿದ. ಮುದ್ದಪ್ಪ, "ಏನು?" ಎಂದ. ಬೋರ ಮತ್ತೆ ಹೇಳಿದ. "ಏನಂದೆ?" ಇನ್ನೂ ಜೋರಾಗಿ ಹೇಳಿದ. ಕಲಿತ ಮಾತಿಗೆ ಜೋರು ಸಾಲಲಿಲ್ಲ, ಎತ್ತರಕ್ಕೆ ಹೋದಂತೆಲ್ಲ ಬಿರಿಯಿತು. "ಸಂಪೂರ್ಣ ಹೊಣೆ" ಎನ್ನುವುದು ಅರ್ಧಕ್ಕೇ ಒಡೆದು ಕೆಮ್ಮಾಯಿತು.

"ಕೇಳಿಸ್ತಿಲ್ಲ ಕಣೋ, ಅನ್ನ ತಿಂದಿಲ್ವಾ?"

"ಕೇಳಿಸ್ತಿಲ್ವೇನ್ಲಾ ಮುದ್ದಾ!"

ತಕ್ಕಡಿಯ ತಟ್ಟೆಗಳು ನಡುಗಿದವು. ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಎದ್ದವು. ಮಿಲ್ಲಿನ ಸದ್ದನ್ನು ಸೀಳಿಕೊಂಡು ಬರುತ್ತಿದ್ದ ದನಿ ಅದು.

ಮುದ್ದಪ್ಪನಿಗೆ ಕೇಳಿಸಿತೋ, ಬೋರನ ಮುಖ ನೋಡಿಯೇ ತಿಳಿಯಿತೋ. "ಕೇಳಿಸ್ದಂಗೆ ಮಾಡ್ದೋನು ನೀನಲ್ವೇನ್ಲಾ?" ಎಂದ ಅಷ್ಟೇ ಜೋರಾಗಿ.

"ಹೌದ್ಲಾ, ನಾನೇ! ನಾನೇ ಮಾಡ್ದೋನು! ಆದ್ರೆ ನೀನೇನ್ಲಾ ದೊಡ್ ಸತ್ಯವಂತ? ಅವತ್ತು ಆ ಮುದ್ಕಿ ಬುಟ್ಟಿ ಬದ್ನೇಕಾಯ್ ತಂದಿದ್ಲಲ್ಲ, ತೂಕದ್ ಕಲ್ಲಿನ ತಟ್ಟೆ ಮೇಲೆ ಹೆಬ್ಬೆಟ್ಟು ಇಟ್ಟಿರ್ಲಿಲ್ವಾ ನೀನು? ಅದ್ನ ಅಂದಿದ್ದಕ್ಕೆ ನಮ್ಮಕ್ಕನ ಹೆಸರು ಎತ್ತಿದ್ದು ಯಾಕ್ಲಾ?"

ಇಷ್ಟು ವರ್ಷ ಬೋರ ನನಗೆ ಸನ್ನೆಯಲ್ಲೂ ಹೇಳದ ಸಂಗತಿ. ಕೋರ್ಟಿನಲ್ಲೂ ಹೇಳಿರಲಿಲ್ಲ, ಗೆಳೆಯನ ಅನ್ನ ಹೋದೀತೆಂದು.

"ಸರ್, ಆರೋಪ!" ಎಂದಳು ಮಂದಾಕಿನಿ. "ನೊಂದವರ ಮೇಲೆ ಆರೋಪ ಮಾಡಿದರು. ಸರ್, ಜಾಡಿ!"

ಮೇಷ್ಟ್ರೇ ಕಲಿಸಿದ ನಿಯಮ, ಅವರದೇ ವಿದ್ಯಾರ್ಥಿನಿ. ಜಾಡಿ ಮುಂದೆ ಹಿಡಿದರೆ ನನ್ನ ತಮ್ಮನ ದನಿ ಇಳಿದುಹೋಗುತ್ತಿತ್ತು. ಹಿಡಿಯದಿದ್ದರೆ ಅವರ ಕುರ್ಚಿಗೇ ಸಂಚಕಾರ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಜಾಡಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಮುಚ್ಚಳ ಮುಚ್ಚಿ, ಅದರ ಪಕ್ಕದ ಈರುಳ್ಳಿ ಮೂಟೆಯ ಮೇಲೆ ಕೂತುಬಿಟ್ಟರು.

"ಸರ್, ನಿಯಮ..."

"ಕೇಳಿಸಿಕೊಳ್ಳಮ್ಮ. ಮೊದಲು ಕೇಳಿಸಿಕೊಳ್ಳೋಣ."

ಬೋರನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ಬಲಗೈ ಎತ್ತಿ ಮುದ್ದಪ್ಪನ ಮುಖದ ಮುಂದೆ ಹಿಡಿದಿದ್ದ. ಮತ್ತೆ ಹೊಡೆಯುತ್ತಾನೇನೋ ಎಂದು ಇಬ್ಬರು ಮುಂದೆ ಬಂದರು. ಅವನು ಅಂಗೈ ಬಿಚ್ಚಿ ತೋರಿಸಿದ. ಕೂಗು ಇಳಿದಿತ್ತು.

"ಹೊಡೀಬಾರ್ದಿತ್ತು ಕಣ್ಲಾ. ಬೈಬೇಕಿತ್ತು, ಹೊಡೀಬಾರ್ದಿತ್ತು. ತುತ್ತು ಎತ್ತುದ್ರೆ ಅಂಗೈಗೆ ನಿನ್ ಕಿವಿ ಸಿಗ್ತದೆ. ಮೂರ್ ವರ್ಷದಿಂದ ಎಡಗೈಲಿ ಉಣ್ತಿವ್ನಿ, ನಮ್ಮಕ್ಕನೂ ನೋಡಿಲ್ಲ. ಏನ್ ಮಾಡ್ಲಿ ಹೇಳು. ಈ ಕೈಯ ಏನ್ ಮಾಡ್ಲಿ?"

ಇದನ್ನು ಎಡಗಿವಿಗೆ ಹೇಳಿರಲಿಲ್ಲ. ಮುದ್ದಪ್ಪ ಯಾವಾಗಲೋ ಬಲಗಿವಿಯ ಟವೆಲ್ಲು ತೆಗೆದಿದ್ದ.

ಅವನು ಬೋರನ ಅಂಗೈಯನ್ನೇ ನೋಡಿದ. "ಕಿವಿ ಹೋದಾಗಿಂದ ಒಬ್ನೂ ನನ್ ಕೂಡೆ ಜಗಳಕ್ಕೆ ಬಂದಿಲ್ಲ" ಎಂದ. "ಎಲ್ಲಾ ಬಲಗಡೆ ಬಂದು ಮೆತ್ತಗೆ ಮಾತಾಡ್ತಾರೆ, ರೋಗಿ ಹತ್ರ ಮಾತಾಡ್ದಂಗೆ." ಆಮೇಲೆ ಜನರ ಕಡೆ ತಿರುಗಿದ. "ಹೆಬ್ಬೆಟ್ಟು ಇಟ್ಟಿದ್ದೆ. ಇಟ್ಟಿದ್ದು ನಿಜ." ಮೇಷ್ಟ್ರ ಕಡೆ ತಿರುಗಿ, "ಸ್ವಾಮಿ, ಈ ಮಾತು ಇವ್ನದೇ. ಇವ್ನಪ್ಪನಾಣೆ ಇವ್ನದೇ" ಎಂದ.

ಜನ ಹೋ ಎಂದರು. ಮಂದಾಕಿನಿ ಮಾತ್ರ ಮುಖ ಗಂಟಿಕ್ಕಿಕೊಂಡೇ, "ಸರ್, ಮೇಲಿನವರು ಕೇಳಿದರೆ ಏನು ಹೇಳುತ್ತೀರಿ?" ಎಂದಳು. ಅದು ಸರಿಯಾದ ಪ್ರಶ್ನೆಯೇ. ಮೇಷ್ಟ್ರು, "ತಪ್ಪು ನನ್ನದು ಅಂತ ಹೇಳುತ್ತೇನಮ್ಮ. ಯಾವ ಮಾತಿನಲ್ಲಿ ಹೇಳಬೇಕು ಅಂತ ಇನ್ನೂ ಗೊತ್ತಾಗಿಲ್ಲ" ಎಂದು ಮೂಟೆಯಿಂದ ಎದ್ದರು.

ಮಾರನೆಯ ಸಂಜೆ ನಾನು ಕ್ಲಾಸಿಗೆ ಹೋದೆ. ತಮ್ಮನ ದನಿ ಮನೆಯಲ್ಲೇ ಇತ್ತು, ಹೋಗುವ ಅಗತ್ಯವಿರಲಿಲ್ಲ. ಸಾರಿಗೆ ಉಪ್ಪು ಸಾಲದೆಂದು ಅದು ನನ್ನನ್ನು ಬೈದು ಕಳಿಸಿತ್ತು. ಆದರೂ ಕಾಲು ಆ ಕಡೆಗೇ ಎಳೆಯಿತು.

ಮೇಷ್ಟ್ರು ಪೆಟ್ಟಿಗೆಯಿಂದ ಒಂದೊಂದೇ ಜಾಡಿ ತೆಗೆದು ಸಾಲಾಗಿ ಇಟ್ಟರು. ಮೊದಲನೆಯದರ ಮುಚ್ಚಳ ತೆಗೆದರು. ಅದು ಕುರಿ ಕದ್ದ ಕರಿಯಣ್ಣ ಎನ್ನುವವನ ದನಿ. "ಕರಿಯಣ್ಣ, ಇವತ್ತು ಪಾಠವಿಲ್ಲ. ನನ್ನನ್ನು ಸ್ವಲ್ಪ ಬೈಯಪ್ಪ" ಎಂದರು.

ಜಾಡಿ ಗಂಟಲು ಸರಿಮಾಡಿಕೊಂಡಿತು, ಥೇಟ್ ಅವರ ಹಾಗೆಯೇ. "ನೋಡಿ, ತಮ್ಮಂಥ ಹಿರಿಯರನ್ನು ನಿಂದಿಸುವಷ್ಟು ದೊಡ್ಡವನಲ್ಲ ನಾನು."

ಎರಡನೆಯದನ್ನು ತೆರೆದರು. "ನೋಡಿ..." ಮೂರನೆಯದು. "ನೋಡಿ..." ಮೇಷ್ಟ್ರು ಒಂದೊಂದನ್ನೂ ತೆರೆದು ಕೇಳುತ್ತ ಹೋದರು. ಎಲ್ಲ ಜಾಡಿಗಳಿಂದಲೂ ಅವರೇ ಮಾತಾಡುತ್ತಿದ್ದರು. ಹುಡುಗರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಮಂದಾಕಿನಿ ತಲೆ ಬಗ್ಗಿಸಿ ಕೂತಳು. ಅವಳೂ ಗಂಟಲು ಸರಿಮಾಡಿಕೊಂಡೇ ಮಾತಾಡುತ್ತಿದ್ದಳಲ್ಲ, ಅದು ಅವಳಿಗೂ ಹೊಳೆದಿರಬೇಕು.

ಮೇಷ್ಟ್ರು ಕುರ್ಚಿ ಹಿಂದಕ್ಕೆ ಸರಿಸಿ ನನ್ನ ಕಡೆ ನೋಡಿದರು. "ನಿಂಗಾಜಮ್ಮ, ಸ್ವಲ್ಪ ಮುಂದೆ ಬರುತ್ತೀರಾ? ಇದು ನನ್ನ ಕೈಲಿ ಆಗುವುದಿಲ್ಲ."

ನಾನು ಹಿಟ್ಟಿನ ಸೀರೆ ಕೊಡವಿಕೊಂಡು ಮುಂದೆ ಹೋಗಿ ಮೇಜಿನ ಎದುರು ಕೂತೆ. ಕರಿಯಣ್ಣನ ಜಾಡಿಗೆ ಮುಖ ಕೊಟ್ಟೆ. "ಏನ್ಲಾ ಕರಿಯಾ, ನಿನ್ ಹೆಂಡ್ತಿ ಇವತ್ತು ಮಿಲ್ಲಿಗೆ ಬಂದಿದ್ಲು. ರಾಗೀಲಿ ಅರ್ಧ ಕಲ್ಲು. ಕುರಿ ಕದಿಯೋಕೆ ಬುದ್ಧಿ ಓಡ್ತದೆ, ಒಂದ್ ಮೊರ ರಾಗಿ ಕೇರಿ ಕೊಡೋಕೆ ಆಗಲ್ವಾ ನಿಂಗೆ? ನನ್ ಕಲ್ಲು ಸವೆದ್ರೆ ನಿಮ್ಮಪ್ಪ ಕೊಡಿಸ್ತಾನಾ?"

ಜಾಡಿ "ನೋಡಿ" ಎಂದಿತು. ನಿಂತಿತು. ನಾನು ಬಿಡಲಿಲ್ಲ. ಅವನ ರಾಗಿಯನ್ನು ಬೈದೆ, ಅವನ ಹಟ್ಟಿ ಬಾಗಿಲನ್ನು ಬೈದೆ, ಅವನು ಸಾಕಿದ್ದ ಕುಂಟ ನಾಯಿಯನ್ನು ಬೈದೆ. ನಾಯಿಯ ಮಾತು ಬಂದಾಗ ಒಳಗೆ ಏನೋ ಗುರುಗುಟ್ಟಿತು.

"ನಾಯಿ ಸುದ್ದಿಗೆ ಬಂದ್ರೆ ಸುಮ್ಕಿರಾಕಿಲ್ಲ ನೋಡು ಮುದ್ಕಿ, ಬಾಯ್ಮುಚ್ಚು!"

ಮೇಷ್ಟ್ರು ಎದ್ದು ಬಂದು, ಜಾಡಿಯ ಎದುರು ನೆಲಕ್ಕೆ ಮಂಡಿಯೂರಿ ಕೂತು, ಕಿವಿ ಹತ್ತಿರ ತಂದರು.

"ಇನ್ನೊಂದ್ಸಲ ಹೇಳಪ್ಪ ಕರಿಯಣ್ಣ" ಎಂದರು. "ಆ ನಾಯಿ ಹೆಸರೇನು?"